ಮಂದಶಿಷ್ಯವಿಚಾರ: ಮೂರು ಪ್ರಸಂಗಗಳ ಪರಾಮರ್ಶೆ

೧

ಕಲಿಯಲಾರದ ಶಿಷ್ಯನ ಚಿತ್ರವು ಸಂಸ್ಕೃತವಾಙ್ಮಯದಲ್ಲಿ ಅಪರೂಪವಾದುದಲ್ಲ. ಅಂತಹ ಚಿತ್ರಗಳಲ್ಲಿ ಮೂರು ಸಾಹಿತ್ಯೋಪಾಧ್ಯಾಯರಿಗೆ ಚಿರಪರಿಚಿತವಾಗಿವೆ: ಪಂಚತಂತ್ರದ ಕಥಾಮುಖದಲ್ಲಿ ಬರುವ ಅಮರಶಕ್ತಿಮಹಾರಾಜನ ಮೂವರು ಕುಮಾರರು, ಕಥಾಸರಿತ್ಸಾಗರದ ಕಥಾಪೀಠಲಂಬಕದಲ್ಲಿ ಬರುವ ಸಾತವಾಹನರಾಜ, ಉತ್ತರರಾಮಚರಿತದ ದ್ವಿತೀಯಾಂಕದ ವಿಷ್ಕಂಭದಲ್ಲಿ ಬರುವ ತಾಪಸಿ ಆತ್ರೇಯಿ. ಇವುಗಳಲ್ಲಿ ಕಡೆಯ ಪ್ರಸಂಗದ ಒಂದು ಶ್ಲೋಕವಂತೂ ಪಾಠಶಾಲೆಗಳಲ್ಲಿ ಗಾದೆಯಂತೆ ಬಳಕೆಗೆ ಬಂದಿದೆ. ಗುರುವಿನ ಉಪದೇಶ ಎಲ್ಲರಿಗೂ ಸಮವಾದರೂ ಫಲದಲ್ಲಿ ಅಂತರವುಂಟಾಗುವುದೆಂಬ ಅಭಿಪ್ರಾಯವು ಅಲ್ಲಿ ಮಣಿ ಮತ್ತು ಮಣ್ಣಿನ ಹೆಂಟೆಗಳ ದೃಷ್ಟಾಂತದಿಂದ ನಿರೂಪಿತವಾಗಿದೆ. ಓದು ಬಾರದ ಹುಡುಗನನ್ನು ಕುರಿತು ಈ ಮಾತನ್ನು ಹೇಳಿಬಿಟ್ಟರೆ ಮುಂದಿನ ವಿಚಾರಕ್ಕೆ ಅವಕಾಶವೇ ಉಳಿಯುವುದಿಲ್ಲ. ಕವಿವಾಕ್ಯವು ಪ್ರಮಾಣವಾಗಿ ನಿಲ್ಲುತ್ತದೆ, ಹುಡುಗನು ಜಡನಾಗುತ್ತಾನೆ, ಉಪಾಧ್ಯಾಯನ ಹೊಣೆ ಅಲ್ಲಿಗೆ ಇಳಿಯುತ್ತದೆ.

ಇಲ್ಲಿ ವಿಚಾರಣೀಯವಾದ ಅಂಶ ಒಂದೇ. ‘ಜಡ’ನೆಂಬ ನಿರ್ಣಯಕ್ಕೆ ಈ ಮೂರು ಗ್ರಂಥಗಳೂ ನಿಜವಾಗಿ ಆಧಾರವನ್ನು ಕೊಡುತ್ತವೆಯೆ? ಕಲಿಕೆಯಲ್ಲಿ ತೊಡಕುಳ್ಳ ಮಕ್ಕಳಿಗೆ ನೆರವಾಗುವುದನ್ನೇ ವೃತ್ತಿಯಾಗಿ ಉಳ್ಳ ಶಿಕ್ಷಣ ಮನಶ್ಶಾಸ್ತ್ರಜ್ಞರು ಇಂದು ಶಾಲೆಗಳಲ್ಲಿ ಕೈಕೊಳ್ಳುವ ಕ್ರಮವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿದರೆ, ಗ್ರಂಥಗಳ ಗುಣವೂ ದೋಷವೂ ಎರಡೂ ಸ್ಫುಟವಾಗಿ ಕಾಣಬರುತ್ತವೆ.

೨

ಮೊದಲು ಭವಭೂತಿಯ ಪ್ರಸಂಗ. ಶ್ಲೋಕವನ್ನು ಉದಾಹರಿಸುವವರು ಅದನ್ನು ಆಡುವವರು ಯಾರೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದು ಗುರುವಿನ ಮಾತಲ್ಲ. ಸಹಪಾಠಿಗಳ ವೇಗಕ್ಕೆ ಸರಿಗಟ್ಟಲಾರದೆ ಹಿಂದೆ ಬಿದ್ದ ವಿದ್ಯಾರ್ಥಿನಿಯ ಮಾತು. ವಾಲ್ಮೀಕಿಯಂತಹ ಗುರುವಿರಲು ಅವನ ಸನ್ನಿಧಿಯನ್ನು ಬಿಟ್ಟು ದಂಡಕಾರಣ್ಯಕ್ಕೆ ಬಂದುದೇಕೆಂದು ವನದೇವತೆ ಕೇಳುತ್ತಾಳೆ. ಆತ್ರೇಯಿ ಎರಡು ವಿಘ್ನಗಳನ್ನು ಹೇಳುತ್ತಾಳೆ. ಒಂದು, ಆಶ್ರಮದಲ್ಲಿ ಬೆಳೆಯುತ್ತಿರುವ ಕುಶಲವರ ಪ್ರಜ್ಞೆ ಅತಿತೀವ್ರವಾಗಿರುವುದರಿಂದ ಅವರೊಡನೆ ಕೂಡಿ ಓದುವುದು ತನ್ನಂತಹವರಿಗೆ ಸಾಧ್ಯವಾಗಲಿಲ್ಲವೆಂಬುದು. ಇನ್ನೊಂದು, ಗುರುವು ರಾಮಾಯಣರಚನೆಯಲ್ಲಿ ತೊಡಗಿರುವನೆಂಬುದು.

ಈ ಎರಡು ಕಾರಣಗಳಲ್ಲಿ ಒಂದಾದರೂ ಶಿಷ್ಯೆಯ ಬುದ್ಧಿಯೊಳಗಣ ದೋಷವನ್ನು ಮಾತ್ರ ಹೇಳುವುದಿಲ್ಲವೆಂಬುದು ಗಮನಾರ್ಹ. ಮೊದಲನೆಯದು ತರಗತಿಯ ಗತಿಗೆ ಸಂಬಂಧಿಸಿದ್ದು: ಅತ್ಯಂತ ಚುರುಕಾದವರಿಗೆ ಹೊಂದುವ ಪಾಠಕ್ರಮವನ್ನೇ ಎಲ್ಲರಿಗೂ ಇಟ್ಟಾಗ ಉಳಿದವರು ಮಂದರಂತೆ ತೋರುವುದು ಸಹಜ. ಎರಡನೆಯದು ಗುರುವಿನ ಅವಧಾನಕ್ಕೆ ಸಂಬಂಧಿಸಿದ್ದು: ಮಹತ್ತಾದ ಬೇರೊಂದು ಕಾರ್ಯದಲ್ಲಿ ಮಗ್ನನಾದ ಗುರುವಿಗೆ ಹಿಂದುಳಿದ ಶಿಷ್ಯೆಯ ಕಡೆ ನೋಡಲು ಬಿಡುವಿಲ್ಲ. ಆತ್ರೇಯಿ ಮುಂದೆ ಮಾಡುವುದಾದರೂ ಏನು? ವಿದ್ಯೆಯನ್ನೇ ಬಿಡುವಳೆ? ಇಲ್ಲ, ಅಗಸ್ತ್ಯಾದಿಗಳಿಂದ ವೇದಾಂತವನ್ನು ಕಲಿಯುವುದಕ್ಕಾಗಿ ಅಷ್ಟು ದೂರ ನಡೆದುಬಂದಿದ್ದಾಳೆ. ತನ್ನನ್ನು ಮಣ್ಣಿನ ಹೆಂಟೆಗೆ ಹೋಲಿಸಿಕೊಂಡವಳು ವೇದಾಂತಾಧ್ಯಯನಕ್ಕೆ ಹೊರಟಿದ್ದಾಳೆಂಬುದರಲ್ಲಿಯೇ ಕವಿಯ ಇಂಗಿತವಿದೆ. ಅವಳ ಮಾತು ವಿನಯೋಕ್ತಿ. ಅವಳ ನಡತೆ ಆ ಮಾತಿಗೆ ಪ್ರತ್ಯುತ್ತರ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಸಂದರ್ಭ ಹೇಗೇ ಇರಲಿ, ದೃಷ್ಟಾಂತವು ಸ್ಪಷ್ಟವಾಗಿದೆಯಲ್ಲವೆ? ಮಣ್ಣು ಎಂದಿಗೂ ಬಿಂಬವನ್ನು ಹಿಡಿಯದು ಎಂದಮೇಲೆ ಶಿಷ್ಯನ ಅನರ್ಹತೆ ಸ್ವಭಾವಸಿದ್ಧವೆಂದೇ ಆಯಿತಲ್ಲವೆ? ಇದಕ್ಕೆ ಸಮಾಧಾನ: ದೃಷ್ಟಾಂತವು ಯಾವ ಅಂಶದಲ್ಲಿ ವಿವಕ್ಷಿತವೋ ಆ ಅಂಶದಲ್ಲಿ ಮಾತ್ರ ಗ್ರಾಹ್ಯವೆಂಬುದು ಶಾಸ್ತ್ರಜ್ಞರಿಗೆ ತಿಳಿದ ನ್ಯಾಯ. ಮಣ್ಣು ಬಿಂಬವನ್ನು ಹಿಡಿಯದು ನಿಜ. ಮುದ್ರೆಯನ್ನು ಒತ್ತಿದರೆ ಮಣಿಗಿಂತ ಚೆನ್ನಾಗಿ ಹಿಡಿಯುತ್ತದೆ. ಬೀಜವನ್ನು ಬಿತ್ತಿದರೆ ಮಣಿ ಕೊಡಲಾರದ ಫಲವನ್ನು ಕೊಡುತ್ತದೆ. ಬೆಳಕನ್ನು ಹರಿಸುವುದೊಂದೇ ಉಪದೇಶದ ವಿಧಾನವಲ್ಲ. ಆದುದರಿಂದ ‘ಗುರು ಸಮನಾಗಿ ಕೊಟ್ಟನು’ ಎಂಬುದರಿಂದ ‘ಗುರು ಮಾಡಬೇಕಾದುದನ್ನೆಲ್ಲ ಮಾಡಿದನು’ ಎಂದು ಸಿದ್ಧವಾಗುವುದಿಲ್ಲ.

೩

ಈ ಭೇದವನ್ನೇ ಹಿಡಿದು ಬೆಳೆದ ಶಾಸ್ತ್ರ ಶಿಕ್ಷಣ ಮನಶ್ಶಾಸ್ತ್ರ. ೧೮೯೬ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಲೈಟ್ನರ್ ವಿಟ್ಮರ್ ಎಂಬ ವಿದ್ವಾಂಸನು ಮನಶ್ಶಾಸ್ತ್ರೀಯ ಚಿಕಿತ್ಸಾಲಯವೊಂದನ್ನು ತೆರೆದನು. ಅಲ್ಲಿಗೆ ಬಂದ ಮೊದಲನೆಯ ಬಾಲಕನು, ಪದಗಳ ಅಕ್ಷರಜೋಡಣೆಯನ್ನು ಎಷ್ಟು ಕಲಿಸಿದರೂ ತಪ್ಪುತ್ತಿದ್ದವನು. ಅವನನ್ನು ಕರೆತಂದವಳು ಶಾಲೆಯ ಉಪಾಧ್ಯಾಯಿನಿ. ಪರೀಕ್ಷಿಸಲಾಗಿ ಅವನ ದೃಷ್ಟಿಯಲ್ಲಿ ದೋಷವಿರುವುದು ಗೊತ್ತಾಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯನು ಹದಿನಾಲ್ಕು ವರ್ಷದ ಮತ್ತೊಬ್ಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದನು. ಇವನ ಕಣ್ಣು ಚೆನ್ನಾಗಿತ್ತು, ಬುದ್ಧಿ ಚುರುಕಾಗಿತ್ತು, ಲೆಕ್ಕ ಬರುತ್ತಿತ್ತು. ಓದು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಈತನು ಶಾಲೆಗೇ ಮೊದಲಿಗನಾದಾನೆಂಬುದು ಅವನ ಉಪಾಧ್ಯಾಯನ ಅಭಿಪ್ರಾಯವಾಗಿತ್ತು. ಹೊರಗಿನಿಂದ ನೋಡುವವರಿಗೆ ಈ ಇಬ್ಬರೂ ಓದು ಬರೆಹಗಳಲ್ಲಿ ಒಂದೇ ಬಗೆಯ ಜಡರು. ಕಾರಣವನ್ನು ವಿಚಾರಿಸಿದರೆ ಇಬ್ಬರಿಗೂ ಅಜಗಜಾಂತರ.

೧೯೦೫ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬೀನೆ ಮತ್ತು ಥಿಯೊಡೊರ್ ಸಿಮೋನ್ ಎಂಬವರು ವಿಶೇಷ ಶಿಕ್ಷಣ ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ ಬುದ್ಧಿಮಾಪನದ ಪ್ರಶ್ನಾವಳಿಯನ್ನು ರಚಿಸಿದರು. ಬುದ್ಧಿಯು ಹೆಚ್ಚಿಸಲಾಗದ ಸ್ಥಿರಪರಿಮಾಣವೆಂಬ ಮತವನ್ನು ಬೀನೆ ಬಲವಾಗಿ ಖಂಡಿಸಿದನು. ಆದರೆ ಅವನ ತರುವಾಯ ಬಂದವರೆಲ್ಲರೂ ಹಾಗೆ ನಡೆಯಲಿಲ್ಲ. ೧೯೧೩ರಲ್ಲಿ ಲಂಡನ್ ಕೌಂಟಿ ಕೌನ್ಸಿಲಿನ ಶಾಲೆಗಳಿಗೆ ಮನಶ್ಶಾಸ್ತ್ರಜ್ಞನಾಗಿ ನಿಯಮಿತನಾದ ಸಿರಿಲ್ ಬರ್ಟನು ಬುದ್ಧಿಯು ಬಹುಮಟ್ಟಿಗೆ ವಂಶಾನುಗತವೆಂದು ಪ್ರತಿಪಾದಿಸಿದನು. ೧೯೭೧ರಲ್ಲಿ ಅವನು ತೀರಿಕೊಂಡ ಮೇಲೆ ಅವನು ಆಧಾರವಾಗಿ ತೋರಿಸಿದ್ದ ಅಂಕಿಗಳ ಪ್ರಾಮಾಣ್ಯವೇ ಶಂಕಾಸ್ಪದವಾಯಿತು. ‘ಜಡ’ಶಬ್ದವು ಸಂಖ್ಯೆಯ ವೇಷವನ್ನು ಧರಿಸಿ ಮತ್ತೆ ಶಾಲೆಯನ್ನು ಹೊಕ್ಕೀತೆಂಬುದಕ್ಕೆ ಇದು ನಿದರ್ಶನ.

ಇಂದು ಈ ವೃತ್ತಿಯಲ್ಲಿ ಬಲ್ಲವರು ನಡೆಸುವ ಕ್ರಮವು ಒಂದೇ ಒಂದು ಪರೀಕ್ಷೆಯ ಮೇಲೆ ನಿಂತುದಲ್ಲ. ಮೊದಲು ಕಣ್ಣು ಕಿವಿಗಳನ್ನು ವೈದ್ಯರಿಗೆ ತೋರಿಸಿದೆಯೇ ಎಂಬ ವಿಚಾರ. ಅನಂತರ ಮನೆಯ ಮಾತು ಯಾವುದು, ಮಗು ಮಾತು ಕಲಿತದ್ದು ಯಾವಾಗ, ಶಾಲೆ ತಪ್ಪಿದ್ದುಂಟೇ ಎಂದು ತಾಯಿತಂದೆಗಳನ್ನು ಕೇಳುವುದು. ತರಗತಿಯಲ್ಲಿಯೇ ಕುಳಿತು ಪಾಠದ ಗತಿಯನ್ನೂ ಮಗುವಿನ ನಡವಳಿಕೆಯನ್ನೂ ನೋಡುವುದು. ಬರೆಹದ ಪುಸ್ತಕದಲ್ಲಿ ತಪ್ಪುಗಳ ಎಣಿಕೆಯನ್ನಲ್ಲ, ಅವುಗಳ ಜಾತಿಯನ್ನು ಪರಿಶೀಲಿಸುವುದು. ಬಳಿಕ ಬಿಡಿ ಅಕ್ಷರ, ಗುಣಿತ, ಒತ್ತಕ್ಷರ, ಪರಿಚಿತ ಪದ, ಅರ್ಥವೇ ಇಲ್ಲದ ಕಲ್ಪಿತ ಪದ—ಇವುಗಳನ್ನು ಬೇರೆಬೇರೆಯಾಗಿ ಓದಿಸುತ್ತಾರೆ. ಕಲ್ಪಿತ ಪದದಲ್ಲಿ ಬಾಯಿಪಾಠದ ಸಹಾಯ ದೊರೆಯದುದರಿಂದ ಅಕ್ಷರದಿಂದ ನಾದವನ್ನು ಎತ್ತುವ ಶಕ್ತಿ ಎಷ್ಟೆಂಬುದು ಅಲ್ಲಿ ತಿಳಿಯುತ್ತದೆ. ಒಂದು ಕಥೆಯನ್ನು ಓದಿ ಹೇಳಿದಾಗ ಅರ್ಥಮಾಡಿಕೊಳ್ಳುವ ಮಗು ತಾನೇ ಓದುವಾಗ ತಡವರಿಸುವುದಾದರೆ, ತೊಡಕು ಅರ್ಥಗ್ರಹಣದಲ್ಲಿಲ್ಲ, ಲಿಪಿಯ ಬಾಗಿಲಲ್ಲಿದೆ ಎಂದು ಊಹಿಸಲು ಅವಕಾಶವಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಉಪಾಯ. ಸಾಮಾನ್ಯವಾಗಿ ಪಾಠ ಹೇಳುವವನು ಮನಶ್ಶಾಸ್ತ್ರಜ್ಞನಲ್ಲ, ಉಪಾಧ್ಯಾಯನೇ. ದಿನವೂ ಸ್ವಲ್ಪ ಹೊತ್ತು, ಸುಲಭದಿಂದ ಕಠಿನಕ್ಕೆ, ನಾದವನ್ನೂ ಅಕ್ಷರವನ್ನೂ ಜೊತೆಗೂಡಿಸಿ ಹೇಳುವ ಕ್ರಮವೊಂದನ್ನು ಇಬ್ಬರೂ ಕೂಡಿ ಗೊತ್ತುಮಾಡುತ್ತಾರೆ. ಕೆಲವು ವಾರಗಳ ಮೇಲೆ ಫಲವನ್ನು ನೋಡಿ, ಫಲವಿಲ್ಲದಿದ್ದರೆ ಮಗುವನ್ನು ದೂರದೆ ಕ್ರಮವನ್ನು ತಿದ್ದುತ್ತಾರೆ. ಓದು ಬರುವವರೆಗೆ ಜ್ಞಾನವು ನಿಲ್ಲಬಾರದಾದುದರಿಂದ ಪಾಠವನ್ನು ಓದಿ ಹೇಳುವುದು, ಉತ್ತರವನ್ನು ಬಾಯಿಮಾತಿನಲ್ಲಿ ಕೇಳುವುದು, ಬರೆಯಲು ಹೆಚ್ಚು ಹೊತ್ತು ಕೊಡುವುದು ಮೊದಲಾದ ಅನುಕೂಲಗಳನ್ನೂ ಏರ್ಪಡಿಸುತ್ತಾರೆ.

೪

ಈ ಕ್ರಮವನ್ನು ಮನಸ್ಸಿನಲ್ಲಿಟ್ಟು ಪಂಚತಂತ್ರದ ಕಥಾಮುಖವನ್ನು ನೋಡಬೇಕು. ಈ ಕಥಾಪರಂಪರೆಯು ಕನ್ನಡದಲ್ಲಿ ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ದುರ್ಗಸಿಂಹನ ಚಂಪೂಗ್ರಂಥವಾಗಿ ನೆಲೆಗೊಂಡಿತು. ಅವನು ಅನುಸರಿಸಿದುದು ವಸುಭಾಗಭಟ್ಟನ ಸಂಪ್ರದಾಯವನ್ನು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ವಿಷ್ಣುಶರ್ಮನ ಹೆಸರಿನಲ್ಲಿ ಪ್ರಸಿದ್ಧವಾದ ಸಂಸ್ಕೃತಪಾಠವನ್ನು.

ಆ ಪಾಠದಲ್ಲಿ ಕುಮಾರರನ್ನು ವರ್ಣಿಸುವ ಎರಡು ಶಬ್ದಗಳಿವೆ. ಕಥೆ ಹೇಳುವವನು ಅವರನ್ನು ‘ದುರ್ಮೇಧಸ್’ ಎಂದು ಕರೆಯುತ್ತಾನೆ. ತಂದೆಯ ಕಣ್ಣಿಗೆ ಅವರು ‘ಶಾಸ್ತ್ರವಿಮುಖ’ರಾಗಿ ಕಾಣುತ್ತಾರೆ. ಮೊದಲನೆಯದು ಬುದ್ಧಿಯ ಕೊರತೆಯನ್ನೂ ಎರಡನೆಯದು ಮುಖ ತಿರುಗಿಸಿಕೊಂಡಿರುವುದನ್ನೂ ಹೇಳುತ್ತದೆ. ಇವೆರಡೂ ಒಂದಲ್ಲ. ಮುಖ ತಿರುಗಿಸಿದವನು ಬುದ್ಧಿಯಿಲ್ಲದೆ ತಿರುಗಿಸಿರಬಹುದು. ಪದೇಪದೇ ಸೋತು ಬೇಸತ್ತು ತಿರುಗಿಸಿರಬಹುದು. ಕಲಿಸಿದ ರೀತಿ ರುಚಿಸದೆಯೂ ತಿರುಗಿಸಿರಬಹುದು. ವ್ಯಾಕರಣಕ್ಕೆ ಹನ್ನೆರಡು ವರ್ಷ ಬೇಕು, ಅದರ ಮೇಲೆ ಉಳಿದ ಶಾಸ್ತ್ರಗಳು ಎಂಬ ಮಾತು ಸಭೆಯಲ್ಲಿ ಏಳುವುದನ್ನು ನೋಡಿದರೆ, ಪದ್ಧತಿಯ ದೀರ್ಘತೆಯೇ ವೈಮುಖ್ಯಕ್ಕೆ ಕಾರಣವಾಗಿರಬಹುದೆಂಬ ಶಂಕೆಗೆ ಗ್ರಂಥವೇ ಎಡೆಗೊಡುತ್ತದೆ. ಮಂತ್ರಿ ಸುಮತಿಯು ಸಂಕ್ಷೇಪಮಾರ್ಗವನ್ನು ಸೂಚಿಸಿ ವಿಷ್ಣುಶರ್ಮನ ಹೆಸರನ್ನು ಹೇಳುತ್ತಾನೆ.

ವಿಷ್ಣುಶರ್ಮನ ನಡತೆಯಲ್ಲಿ ಮೂರು ಗುಣಗಳು ಪ್ರಶಂಸನೀಯವಾಗಿವೆ. ಅಗ್ರಹಾರಗಳ ಆಸೆಗೆ ಅವನು ವಿದ್ಯೆಯನ್ನು ಮಾರುವುದಿಲ್ಲ. ಅಂದಿನ ದಿನವನ್ನು ಬರೆದಿಡುವಂತೆ ಹೇಳಿ, ಆರು ತಿಂಗಳ ಅವಧಿಯನ್ನು ತನಗೆ ತಾನೇ ವಿಧಿಸಿಕೊಳ್ಳುತ್ತಾನೆ. ಫಲವಾಗದಿದ್ದರೆ ಹೆಸರು ಕಳೆದುಕೊಳ್ಳತಕ್ಕವನು ತಾನು, ಶಿಷ್ಯರಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಧ್ಯವನ್ನು ಬಿಡದೆ ಸಾಧನವನ್ನು ಬದಲಾಯಿಸುತ್ತಾನೆ: ನೀತಿಶಾಸ್ತ್ರವು ನೀತಿಶಾಸ್ತ್ರವಾಗಿಯೇ ಉಳಿದು, ಸೂತ್ರದ ಬದಲು ಕಥೆಯ ಮೂಲಕ, ಓಲೆಯ ಬದಲು ಕಿವಿಯ ಮೂಲಕ ಒಳಗೆ ಹೋಗುತ್ತದೆ.

ದೋಷವೂ ಅಷ್ಟೇ ಸ್ಪಷ್ಟವಾಗಿದೆ. ವಿಷ್ಣುಶರ್ಮನು ಪರೀಕ್ಷಿಸುವುದಿಲ್ಲ. ಮೂವರು ಕುಮಾರರಿಗೆ ಮೂರು ಹೆಸರುಗಳಿವೆ. ಆದರೆ ಕಥೆಯಲ್ಲಿ ಅವರು ಒಬ್ಬನೇ ಶಿಷ್ಯನಂತೆ ಇದ್ದಾರೆ. ಅವರಲ್ಲಿ ಯಾರಿಗೆ ಕೇಳಿದ್ದು ನಿಲ್ಲುತ್ತಿರಲಿಲ್ಲ, ಯಾರಿಗೆ ನಿಂತದ್ದು ಹೊಳೆಯುತ್ತಿರಲಿಲ್ಲ, ಯಾರಿಗೆ ಕೇಳುವ ಮನಸ್ಸೇ ಇರಲಿಲ್ಲ ಎಂಬುದು ಎಲ್ಲಿಯೂ ಉಕ್ತವಾಗಿಲ್ಲ. ಇದು ಶಾಸ್ತ್ರಕ್ಕೇ ಒಪ್ಪದ ಮಾತು. ಶುಶ್ರೂಷಾ, ಶ್ರವಣ, ಗ್ರಹಣ, ಧಾರಣ, ಊಹ, ಅಪೋಹ, ಅರ್ಥವಿಜ್ಞಾನ, ತತ್ತ್ವಜ್ಞಾನ ಎಂದು ನೀತಿಶಾಸ್ತ್ರಕಾರರು ಎಂಟು ಧೀಗುಣಗಳನ್ನು ಬೇರೆಬೇರೆಯಾಗಿ ಎಣಿಸಿದ್ದಾರೆ. ಎಂಟರಲ್ಲಿ ಒಂದು ಕುಗ್ಗಿದವನನ್ನು ಎಂಟೂ ಇಲ್ಲದವನೆಂದು ಹೇಳುವುದು ತರ್ಕವಾಗಲಾರದು. ಧೀಗುಣಗಳ ಈ ವಿಂಗಡಣೆಯನ್ನು ರಾಜಪುತ್ರರ ವಿಷಯದಲ್ಲಿ ಪ್ರಯೋಗಿಸದೆ ಬಿಟ್ಟುದರಿಂದ ಕಥಾಮುಖವು ಪವಾಡದ ಕಥೆಯಾಗಿ ಮುಗಿಯುತ್ತದೆ. ಆರು ತಿಂಗಳಾಯಿತು, ಕುಮಾರರು ನಿಪುಣರಾದರು ಎಂದಷ್ಟೆ. ಮತ್ತೊಬ್ಬ ಉಪಾಧ್ಯಾಯನು ಅನುಸರಿಸಬಹುದಾದ ಮಾರ್ಗವಾವುದೂ ಅದರಿಂದ ತಿಳಿಯುವುದಿಲ್ಲ.

೫

ಸಾತವಾಹನನ ಪ್ರಸಂಗವು ಇನ್ನೂ ಸೂಕ್ಷ್ಮವಾದದ್ದು. ಜಲಕ್ರೀಡೆಯಲ್ಲಿ ರಾಣಿಯು ನೀರು ಎರಚಬೇಡವೆಂಬ ಅರ್ಥದಲ್ಲಿ ಆಡಿದ ಸಂಸ್ಕೃತದ ಮಾತು ಸಂಧಿಯಿಂದ ‘ಮೋದಕೈಃ’ ಎಂದಾಗುತ್ತದೆ. ರಾಜನು ‘ಮಾ’ ಎಂಬುದನ್ನೂ ‘ಉದಕ’ವನ್ನೂ ಬಿಡಿಸಲಾರದೆ ಮೋದಕಗಳನ್ನು ತರಿಸುತ್ತಾನೆ. ರಾಣಿ ನಗುತ್ತಾಳೆ, ಪರಿವಾರವೂ ನಗುತ್ತದೆ. ರಾಜನು ಊಟವನ್ನೂ ಮಾತನ್ನೂ ಬಿಟ್ಟು ಹಾಸಿಗೆ ಹಿಡಿಯುತ್ತಾನೆ. ಅವನನ್ನು ಕೆಡಹಿದುದು ಅಜ್ಞಾನವಲ್ಲ, ನಗೆ. ತಪ್ಪು ಒಂದು ಕ್ಷಣದ್ದು. ನಾಚಿಕೆಯಾದರೋ ದಿನಗಳವರೆಗೆ ನಿಂತಿತು. ತರಗತಿಯಲ್ಲಿ ಗಟ್ಟಿಯಾಗಿ ಓದಲು ನಿಲ್ಲಿಸಿದ ಮಗು ತಡವರಿಸಿದಾಗ ಏಳುವ ನಗೆಯೂ ಇದೇ ಜಾತಿಯದು. ಓದಿನ ತೊಡಕಿಗಿಂತ ಮೊದಲು ಈ ನಾಚಿಕೆಗೆ ಚಿಕಿತ್ಸೆಯಾಗಬೇಕೆಂದು ಬಲ್ಲವರು ಹೇಳುವುದಕ್ಕೆ ಸೋಮದೇವನ ಕಥೆಗಿಂತ ಒಳ್ಳೆಯ ವ್ಯಾಖ್ಯಾನ ದೊರೆಯಲಾರದು.

ಮುಂದೆ ಇಬ್ಬರು ಪಂಡಿತರ ಪಂದ್ಯ. ಹನ್ನೆರಡು ವರ್ಷದ ವ್ಯಾಕರಣವನ್ನು ಆರು ವರ್ಷದಲ್ಲಿ ಕಲಿಸುವೆನೆಂದು ಗುಣಾಢ್ಯನು ಹೇಳಿದರೆ, ಆರೇ ತಿಂಗಳಲ್ಲಿ ಕಲಿಸುವೆನೆಂದು ಶರ್ವವರ್ಮನು ಹೇಳುತ್ತಾನೆ. ಹಾಗಾದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುವೆನೆಂದು ಒಬ್ಬನ ಪ್ರತಿಜ್ಞೆ. ಆಗದಿದ್ದರೆ ಹನ್ನೆರಡು ವರ್ಷ ಎದುರಾಳಿಯ ಪಾದುಕೆಗಳನ್ನು ತಲೆಯ ಮೇಲೆ ಹೊರುವೆನೆಂದು ಇನ್ನೊಬ್ಬನದು. ಶರ್ವವರ್ಮನು ಗೆದ್ದುದು ಕಾತಂತ್ರದಿಂದ. ಅದು ಕುಮಾರಸ್ವಾಮಿಯ ವರವೆಂದು ಕಥೆ. ಗ್ರಂಥವನ್ನು ನೋಡಿದರೆ ವರದ ಸ್ವರೂಪ ತಿಳಿಯುತ್ತದೆ. ಪಾಣಿನೀಯದ ಪ್ರತ್ಯಾಹಾರಗಳನ್ನು ಬಿಟ್ಟು ಲೋಕರೂಢಿಯ ವರ್ಣಕ್ರಮವನ್ನೇ ಇಟ್ಟುಕೊಂಡು, ವೈದಿಕಪ್ರಯೋಗಗಳ ಸೂತ್ರಗಳನ್ನು ಕೈಬಿಟ್ಟು, ಸಂಧಿ, ನಾಮ, ಆಖ್ಯಾತ ಎಂದು ವಿಷಯಾನುಸಾರವಾಗಿ ಜೋಡಿಸಿದ ವ್ಯಾಕರಣವದು. ಕಲಿಯುವವನಿಗೆ ಯಾವುದು ಬೇಕೋ ಅದನ್ನು ಆರಿಸಿ, ಯಾವ ಕ್ರಮದಲ್ಲಿ ಬೇಕೋ ಆ ಕ್ರಮದಲ್ಲಿ ಇಟ್ಟುದೇ ದೇವರ ವರ. ಸಂಧಿಯಲ್ಲಿ ಎಡವಿದವನಿಗೆ ಸಂಧಿಯೇ ಮೊದಲ ಪ್ರಕರಣವಾಗಿರುವುದೂ ಔಚಿತ್ಯವೇ.

ಆದರೆ ಪಂದ್ಯವು ಉಚಿತವಾಯಿತೆಂದು ಹೇಳುವಂತಿಲ್ಲ. ಶಿಷ್ಯನ ಕಲಿಕೆಯು ಇಬ್ಬರು ಗುರುಗಳ ಕೀರ್ತಿಗೆ ಪಣವಾಯಿತು. ಸೋತ ಗುಣಾಢ್ಯನು ಭಾಷೆಗಳನ್ನು ತೊರೆದು ವಿಂಧ್ಯಾರಣ್ಯಕ್ಕೆ ಹೋದನು. ಆರು ವರ್ಷವೆಂದು ಹೇಳಿದವನು ಅಸತ್ಯವನ್ನೇನೂ ಆಡಿರಲಿಲ್ಲ. ಕೆಲವು ವಾರಗಳಲ್ಲಿ ಓದು ಕಲಿಸುವೆವೆಂದು ಇಂದು ಜಾಹಿರಾತು ಕೊಡುವವರಿಗಿಂತ, ವರ್ಷಗಳು ಬೇಕಾದೀತೆಂದು ತಾಯಿತಂದೆಗಳಿಗೆ ನಿಜವನ್ನು ಹೇಳುವವನೇ ಮಗುವಿಗೆ ಹಿತನು.

೬

ಈ ವಿಚಾರವು ಕನ್ನಡ ಶಾಲೆಗೆ ಎಷ್ಟು ಸಮೀಪವಾದುದೆಂಬುದು ಲಿಪಿಯನ್ನು ನೋಡಿದರೆ ತಿಳಿಯುತ್ತದೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ತೊಡಕೇ ಇಲ್ಲವೆಂಬ ಭಾವನೆ ವಿದ್ವಾಂಸರಲ್ಲಿಯೂ ಉಂಟು. ಇದು ಅರ್ಧಸತ್ಯ. ವರ್ಣಮಾಲೆ ಐವತ್ತರ ಆಸುಪಾಸಿನದಾದರೂ ಗುಣಿತ, ಒತ್ತುಗಳಿಂದ ಕಣ್ಣಿಗೆ ಬೀಳುವ ಆಕೃತಿಗಳು ನೂರಾರು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ದೀರ್ಘಸ್ವರವೂ ಕೂಡಿವೆ. ‘ಧರ್ಮ’ದಲ್ಲಿ ರೇಫದ ನಾದವು ಮಕಾರಕ್ಕಿಂತ ಮೊದಲು ಬಂದರೆ ಅದರ ಚಿಹ್ನೆಯಾದ ಅರ್ಕಾವೊತ್ತು ಮಕಾರದ ಆಚೆ ನಿಲ್ಲುತ್ತದೆ, ‘ಚಕ್ರ’ದಲ್ಲಿ ರೇಫವು ಕೆಳಗೆ ಒತ್ತಾಗಿ ಇಳಿಯುತ್ತದೆ. ಒಂದೇ ನಾದಕ್ಕೆ ಒಂದು ಕಡೆ ಒಂದು ರೂಪ, ಇನ್ನೊಂದು ಕಡೆ ಇನ್ನೊಂದು. ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಕನ್ನಡದ ಅಕ್ಷರಜ್ಞಾನವು ಮೊದಲ ತರಗತಿಯಲ್ಲಿ ಮುಗಿಯದೆ ಮುಂದಿನ ಪ್ರಾಥಮಿಕ ತರಗತಿಗಳವರೆಗೂ ನಿಧಾನವಾಗಿ ಬೆಳೆಯುವುದನ್ನು ತೋರಿಸಿದೆ. ಎಲ್ಲ ಮಕ್ಕಳಿಗೂ ನಿಧಾನವಾದುದನ್ನು ಕೆಲವರಿಗೆ ಮಾತ್ರ ದೋಷವೆಂದು ಹೇಳುವ ಮೊದಲು ಎಚ್ಚರ ಬೇಕು.

ತಪ್ಪುಗಳ ಜಾತಿಯನ್ನು ಪರಿಶೀಲಿಸಬೇಕೆಂದು ಮೇಲೆ ಹೇಳಿದುದರ ಪ್ರಯೋಜನ ಇಲ್ಲಿದೆ. ‘ಭಾಷೆ’ಯನ್ನು ‘ಬಾಷೆ’ ಎಂದೂ ‘ಹಾಲ’ನ್ನು ‘ಆಲು’ ಎಂದೂ ಬರೆಯುವ ಮಗು ತನ್ನ ಊರಿನ ಉಚ್ಚಾರಣೆಯನ್ನು ನಿಷ್ಠೆಯಿಂದ ಬರೆಯುತ್ತಿರಬಹುದು; ಅದರ ಕಿವಿಯೂ ಬುದ್ಧಿಯೂ ಸರಿಯಾಗಿಯೇ ಇವೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದುಗಳನ್ನಾಡುವ ಮಗುವಿನ ತೊಡಕು ಭಾಷಾಪರಿಚಯದ್ದಾಗಿರಬಹುದು. ಮನೆಮಾತೂ ಕನ್ನಡವೇ ಆಗಿ, ಕೇಳಿದ್ದೆಲ್ಲ ತಿಳಿದು, ಒಳ್ಳೆಯ ಪಾಠವೂ ದೊರೆತು, ವರ್ಷಗಳಾದ ಮೇಲೂ ಒತ್ತಕ್ಷರವನ್ನು ಬಿಡಿಸಲಾರದ ಮಗುವಿನ ವಿಷಯವೇ ಬೇರೆ. ಈ ಮೂವರನ್ನೂ ಒಂದೇ ಕೆಂಪು ಗೆರೆಯಿಂದ ತಿದ್ದಿ ಒಂದೇ ಅಂಕವನ್ನು ಕೊಡುವುದು, ಮೂವರು ರಾಜಕುಮಾರರನ್ನು ಒಬ್ಬನೆಂದು ಎಣಿಸಿದಂತೆಯೇ ಸರಿ.

ಭಾರತದಲ್ಲಿ ೨೦೧೬ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಅಧಿನಿಯಮವು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿ, ಅದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮವನ್ನು ಕೈಕೊಳ್ಳುವ ಹೊಣೆಯನ್ನು ಶಿಕ್ಷಣಸಂಸ್ಥೆಗಳಿಗೆ ವಿಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿ ರೂಪುಗೊಂಡ ಪರೀಕ್ಷಾಗುಚ್ಛವೂ ಬಳಕೆಯಲ್ಲಿದೆ. ಆದರೆ ಪ್ರತಿ ಶಾಲೆಗೂ ಒಬ್ಬ ಮನಶ್ಶಾಸ್ತ್ರಜ್ಞನಿಲ್ಲ. ಆದುದರಿಂದ ಮೊದಲು ಕಾಣಬೇಕಾದ ಕಣ್ಣು ಉಪಾಧ್ಯಾಯನದೇ. ಕನ್ನಡ ಓದು ಬರೆಹಗಳನ್ನು ಕಲಿಸುವವನಿಗೆ ಈ ಹೊಣೆ ಉಳಿದವರಿಗಿಂತ ಹೆಚ್ಚು.

೭

ಇಷ್ಟರಿಂದ, ಆಧುನಿಕರು ಹೇಳುವುದೆಲ್ಲ ಪ್ರಾಚೀನರಿಗೆ ಮೊದಲೇ ತಿಳಿದಿತ್ತೆಂದು ಸಾರಿದರೆ ಅದು ಸಾಹಸವಾದೀತು. ಧೀಗುಣಗಳ ಎಣಿಕೆಯಲ್ಲಿ ಲಿಪಿಯನ್ನು ಓದುವ ಶಕ್ತಿಗೆ ಸ್ಥಾನವೇ ಇಲ್ಲ. ವಿದ್ಯೆಯು ಗುರುಮುಖದಿಂದ ಬಂದು ಕಿವಿಯಲ್ಲಿ ನೆಲೆಸುತ್ತಿದ್ದ ಕಾಲದಲ್ಲಿ ಮಾರ್ಗನ್ ಕಂಡ ಬಾಲಕನ ತೊಡಕು ತೊಡಕಾಗಿಯೇ ತೋರುತ್ತಿರಲಿಲ್ಲವೆಂದು ಊಹಿಸಬಹುದೇ ಹೊರತು, ಅದಕ್ಕೆ ಔಷಧವು ಗ್ರಂಥಗಳಲ್ಲಿದೆಯೆಂದು ಹೇಳಲು ಬಾರದು. ಇತ್ತ, ಹೊಸ ಹೆಸರುಗಳೂ ಹಳೆಯ ಕೆಲಸವನ್ನೇ ಮಾಡಬಹುದು. ಡಿಸ್ಲೆಕ್ಸಿಯಾ ಎಂಬ ಪ್ರಮಾಣಪತ್ರವನ್ನು ಕೈಗಿಟ್ಟು, ಇನ್ನು ಪಾಠ ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಾದರೆ, ಅದು ಜಡಶಬ್ದದ ಗ್ರೀಕ್ ಭಾಷಾಂತರವೇ ಆದೀತು. ಹೆಸರಿನಿಂದ ಉಪಾಯ ಹುಟ್ಟಿದರೆ ಹೆಸರು ಸಾರ್ಥಕ. ಉಪಾಯವನ್ನು ನಿಲ್ಲಿಸಿದರೆ ಅನರ್ಥ.

ಮೂರು ಪ್ರಸಂಗಗಳ ಪರಾಮರ್ಶೆಯಿಂದ ಸಿದ್ಧವಾಗುವುದು ಇಷ್ಟು. ವಿಷ್ಣುಶರ್ಮನಲ್ಲಿ ಉಪಾಯವಿದೆ, ಪರೀಕ್ಷೆಯಿಲ್ಲ. ಶರ್ವವರ್ಮನಲ್ಲಿ ಗ್ರಂಥವನ್ನು ಶಿಷ್ಯನಿಗೆ ಹೊಂದಿಸುವ ಜಾಣ್ಮೆಯಿದೆ, ಪಂದ್ಯದ ದೋಷವೂ ಇದೆ. ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಹೇಳುವವಳು ಆತ್ರೇಯಿಯೊಬ್ಬಳೇ. ಅವಳ ಮಾತನ್ನೇ ಉಪಾಧ್ಯಾಯರು ಕಾರಣವಿಚಾರವನ್ನು ನಿಲ್ಲಿಸುವುದಕ್ಕೆ ಉಪಯೋಗಿಸಿಕೊಂಡು ಬಂದಿದ್ದಾರೆ. ಆ ಶ್ಲೋಕವನ್ನು ಮುಂದೆ ಪಾಠ ಹೇಳುವವರು ಅದರ ಹಿಂದುಮುಂದಿನ ಗದ್ಯವನ್ನೂ ಬಿಡದೆ ಹೇಳಬೇಕು. ಹಾಗೆ ಹೇಳಿದಾಗ, ಗುರುವು ಮಹಾಕಾವ್ಯವನ್ನು ಬರೆಯುತ್ತಿದ್ದ ಆಶ್ರಮದಿಂದ ಶಿಷ್ಯೆಯೊಬ್ಬಳು ಇನ್ನೊಬ್ಬ ಗುರುವನ್ನು ಹುಡುಕಿಕೊಂಡು ಒಂಟಿಯಾಗಿ ಕಾಡುದಾರಿಯಲ್ಲಿ ನಡೆದಳೆಂಬುದು ಕೇಳುವ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ. ಕಡೆಯ ಸಾಲಿನಲ್ಲಿ ಕುಳಿತ ಮಗುವಿನ ಮನಸ್ಸಿನಲ್ಲಂತೂ ನಿಲ್ಲದೆ ಇರದು.